ನಿಮಗಿದು ಗೊತ್ತೇ? ಲೆನ್ಸ್ ನೆಕ್ಕಿ ಹೊರಡುವವರೂ ಇದ್ದಾರೆ!

ಕಾಫಿ ತೋಟದಂಚಿನ ಕೆಮ್ಮಣ್ಣಿನ ಏರು. ಕೊರಕಲು, ಬೇರು, ಜಾರುವ ಬಂಡೆ. ಅದರ ಮೇಲೆ ಬೈಕ್ ಹತ್ತಿಸುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಹ್ಯಾಂಡಲ್ ಹಿಡಿದದ್ದು ನೀವೇ ಏನೋ ಅನ್ನಿಸುತ್ತದಲ್ಲವೇ? ಅದನ್ನು ತೆಗೆದದ್ದು ಸವಾರನ ಹೆಲ್ಮೆಟ್ಟಿಗೆ ಅಂಟಿಕೊಂಡ ಆ್ಯಕ್ಷನ್ ಕ್ಯಾಮೆರಾ. ನಾಲ್ಕು ಬೆಂಕಿಪೊಟ್ಟಣ ಸೇರಿಸಿ ಕಟ್ಟಿದಷ್ಟು ಗಾತ್ರ. ಅಷ್ಟರೊಳಗೆ ಎಷ್ಟು ಸೋಜಿಗ ತುಂಬಿದೆ ನೋಡಿ!

ನೂರು ವರ್ಷಕ್ಕೂ ಹಿಂದೆ ಮೈಮೇಲೆ ಕ್ಯಾಮೆರಾ ಕಟ್ಟಿಕೊಂಡು ಹೊರಟವರು ಯಾರು ಗೊತ್ತೇ? ಪಾರಿವಾಳಗಳು! ಜರ್ಮನಿಯ ಕ್ರೋನ್‌ಬರ್ಗ್ ಊರಿನ ಔಷಧ ವ್ಯಾಪಾರಿ ಯೂಲಿಯಸ್ ನೊಯ್‌ಬ್ರೋನರ್ ಪಾರಿವಾಳಗಳ ಕೈಯಲ್ಲಿ ಔಷಧ ಸಾಗಿಸುತ್ತಿದ್ದರು. 1907ರ ಹೊತ್ತಿಗೆ ಅವುಗಳ ಎದೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಹಾರಿಬಿಟ್ಟರು. ಒಂದಷ್ಟು ಹೊತ್ತಾದ ಮೇಲೆ ಅದು ತಾನಾಗಿಯೇ ಕ್ಲಿಕ್ ಅನ್ನುತ್ತಿತ್ತು. 1908ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು!

ಪಾರಿವಾಳ ಹೊರಬಲ್ಲ ಭಾರ ಹೆಚ್ಚೆಂದರೆ 75 ಗ್ರಾಂ ಎಂದು ನೊಯ್‌ಬ್ರೋನರ್ ಲೆಕ್ಕ ಹಾಕಿದ್ದರು. ಇಂದಿನ ಗೋಪ್ರೊ ಎಂಬ ಆ್ಯಕ್ಷನ್ ಕ್ಯಾಮೆರಾ ಸುಮಾರು 150 ಗ್ರಾಂ. ಅಂದರೆ ನಮ್ಮ ಹೈಟೆಕ್ ಕ್ಯಾಮೆರಾ ಆ ಪಾರಿವಾಳಕ್ಕೆ ಭಾರವೋ ಭಾರ! ಆದರೆ ಇನ್‌ಸ್ಟಾ360 ಕಂಪನಿಯ ಗೋ 3 ಎಂಬ ಕ್ಯಾಮೆರಾ ಬರೀ 35 ಗ್ರಾಂ. ಅದನ್ನು ಹೊತ್ತು ಪಾರಿವಾಳ ಸಲೀಸಾಗಿ ಹಾರಿಬಿಡುತ್ತಿತ್ತು.

ಹಕ್ಕಿಯ ಮಾತು ಬಂತಲ್ಲ, ಇನ್ನೊಂದು ಕೇಳಿ. 2015ರಲ್ಲಿ ದುಬೈನ ಬುರ್ಜ್ ಖಲೀಫಾದ ತುದಿಯಿಂದ ಒಂದು ಹದ್ದು ಬೆನ್ನಿಗೆ ಸೋನಿ ಆ್ಯಕ್ಷನ್ ಕ್ಯಾಮೆರಾ ಕಟ್ಟಿಕೊಂಡು ಕೆಳಗೆ ಹಾರಿತು. ಎತ್ತರ 829 ಮೀಟರಿಗೂ ಹೆಚ್ಚು. ಆ ಹದ್ದಿನ ಹೆಸರು ಏನು ಗೊತ್ತೇ? ದರ್ಶನ್!

ಇನ್ನು ಮನುಷ್ಯರ ಸರದಿ. 1960ರ ದಶಕದಲ್ಲಿ ಕಾರ್ ರೇಸಿನ ದೊರೆ ಜ್ಯಾಕಿ ಸ್ಟೀವರ್ಟ್ ಹೆಲ್ಮೆಟ್ಟಿಗೆ ಒಂದು ಇಡೀ ನಿಕಾನ್ ಕ್ಯಾಮೆರಾ ಬಿಗಿದುಕೊಂಡು ಕುಳಿತ ಫೋಟೊ ಇದೆ. ಫೋಟೊ ಸ್ಟುಡಿಯೋದವರು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದಂಥ ಕ್ಯಾಮೆರಾ, ಅವರ ಕಿವಿಯ ಪಕ್ಕ! ಆ ಕಾಲದ ಕತ್ತಿಗೆ ನನ್ನದೊಂದು ನಮಸ್ಕಾರ.

1987ರ ಕಥೆ ಇನ್ನೂ ರುಚಿ. ಅಮೆರಿಕದ ಮಾರ್ಕ್ ಶುಲ್ಟ್ಜ್‌ ಎಂಬುವರು ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯುವುದನ್ನು ಸವಾರನ ಕಣ್ಣಿಂದಲೇ ತೋರಿಸಬೇಕೆಂದು ಹೊರಟರು. ಹೆಲ್ಮೆಟ್ ಮೇಲೆ ಕ್ಯಾಮೆರಾ ಕೂರಿಸಿದರು. ಆದರೆ ರೆಕಾರ್ಡ್ ಆಗುವುದು ಎಲ್ಲಿ? ಮೆತ್ತೆ ಹಾಕಿದ ಬೆನ್ನುಚೀಲದಲ್ಲಿ ಒಂದು ವಿಎಚ್‌ಎಸ್ ರೆಕಾರ್ಡರ್! ನಮ್ಮೂರುಗಳಲ್ಲಿ ಬಾಡಿಗೆಗೆ ತಂದು ರಾತ್ರಿಯಿಡೀ ಸಿನಿಮಾ ನೋಡುತ್ತಿದ್ದೆವಲ್ಲ, ಆ ವಿಸಿಆರ್ ಜಾತಿಯದೇ. ಅದನ್ನು ಬೆನ್ನಿಗೆ ಹೊತ್ತು, ಹೆಲ್ಮೆಟ್‌ವರೆಗೆ ವೈರ್ ಎಳೆದು ಗುಡ್ಡ ಇಳಿದರು. ಟ್ರೇಲ್, ಅಂದರೆ ಕಾಡುಮೇಡಿನ ದಾರಿಯ ವಿಡಿಯೋಗಳ ಅಜ್ಜ ಇದೇ!

ಗೋಪ್ರೊ ಎಂಬ ಹೆಸರು ಹೇಗೆ ಬಂತು ಗೊತ್ತೇ? ಸಮುದ್ರದ ಅಲೆಯ ಮೇಲೆ ಆಡುವ ಸರ್ಫರ್‌ಗಳಿಗೆ ಒಂದೇ ಆಸೆ, ತಮ್ಮದೊಂದು ಒಳ್ಳೆಯ ಫೋಟೊ ಬೇಕು. ಆದರೆ ಹತ್ತಿರದಿಂದ ಫೋಟೊ ತೆಗೆಸಿಕೊಳ್ಳುವ ಭಾಗ್ಯ ಇದ್ದದ್ದು ವೃತ್ತಿಪರರಿಗೆ, ಅಂದರೆ 'ಪ್ರೊ'ಗಳಿಗೆ ಮಾತ್ರ. ಕ್ಯಾಮೆರಾ ಕೈಗೇ ಕಟ್ಟಿಕೊಂಡರೆ ಎಲ್ಲರೂ ಪ್ರೊ ಆಗಬಹುದಲ್ಲ ಎಂದು ಗೋಪ್ರೊ ಕಟ್ಟಿದ ನಿಕ್ ವುಡ್‌ಮನ್‌ಗೆ ಹೊಳೆಯಿತು. ಹೆಸರೂ ಅದೇ ಆಯಿತು!

ಬಂಡವಾಳ ಎಲ್ಲಿಂದ ಬಂತು? ಅವರು ಬಾಲಿ ದ್ವೀಪದಿಂದ ಚಿಪ್ಪು, ಮಣಿಗಳ ಬೆಲ್ಟ್ ತಂದು ವ್ಯಾನಿನಲ್ಲಿಟ್ಟು ಮಾರಿದರು. ಅಮ್ಮನ ಹತ್ತಿರ ಸಾಲ ಪಡೆದರು. ಅಮ್ಮನ ಹೊಲಿಗೆ ಯಂತ್ರವನ್ನೂ ತಂದುಕೊಂಡು ಕ್ಯಾಮೆರಾ ಪಟ್ಟಿಗಳನ್ನು ಕೂತು ಹೊಲಿದರು. ಜಗತ್ತಿನ ಹೆಲ್ಮೆಟ್‌ಗಳನ್ನೆಲ್ಲ ಏರಿದ ಕಂಪನಿ ಶುರುವಾದದ್ದು ಹೊಲಿಗೆ ಯಂತ್ರದಿಂದ!

2004ರಲ್ಲಿ ಬಂದ ಮೊದಲ ಗೋಪ್ರೊದಲ್ಲಿ ವಿಡಿಯೋ ಇರಲಿಲ್ಲ. ಡಿಜಿಟಲ್ಲೂ ಅಲ್ಲ. ಅದು ರೀಲ್ ಹಾಕುವ ಕ್ಯಾಮೆರಾ! ಹೆಲ್ಮೆಟ್ಟಿಗೂ ಅಲ್ಲ, ಮಣಿಕಟ್ಟಿಗೆ ಕಟ್ಟುವಂಥದ್ದು. 2006ರಲ್ಲಿ ಡಿಜಿಟಲ್ ಬಂತು. ಒಂದು ಸಲಕ್ಕೆ ಎಷ್ಟು ವಿಡಿಯೋ ತೆಗೆಯಬಹುದಿತ್ತು? ಹತ್ತೇ ಸೆಕೆಂಡು! ಒಳಗಿದ್ದ ನೆನಪಿನ ಜಾಗ 32 ಎಂಬಿ. ಇವತ್ತಿನ 4ಕೆ ವಿಡಿಯೋ ಅಷ್ಟು ಜಾಗವನ್ನು ಮೂರು ಸೆಕೆಂಡಿಗೂ ಮೊದಲೇ ನುಂಗಿ ಮುಗಿಸುತ್ತದೆ.

ಸರಿ, ಈಗ ಕೊಳ್ಳುವ ಮಾತು. ಕ್ಯಾಮೆರಾ ಅಂಗಡಿಯಲ್ಲಿ ಎಲ್ಲರೂ ಕೇಳುವುದು ಒಂದೇ, "ಎಷ್ಟು ಕೆ?" 4ಕೆಯೋ, 5.3ಕೆಯೋ? ಟ್ರೇಲ್ ಸವಾರರು ಮೊದಲು ಕೇಳಬೇಕಾದ್ದು "ಎಷ್ಟು ಗ್ರಾಂ?" ಎಂದು. 150 ಗ್ರಾಂ ಅಂದರೆ ಮೂರು ಕೋಳಿಮೊಟ್ಟೆಯ ತೂಕ. ಅಷ್ಟೇನಾ ಅನ್ನಬೇಡಿ. ಹಳ್ಳಕ್ಕೆ ಬೈಕ್ ದಬ್ಬೆಂದು ಇಳಿದಾಗ ಐದು ಪಟ್ಟು ಗುರುತ್ವದ ಕುಲುಕು ಬಂತು ಅಂದುಕೊಳ್ಳಿ. ಆ ಕ್ಷಣಕ್ಕೆ ಮೂರು ಮೊಟ್ಟೆ ಮುಕ್ಕಾಲು ಕೆಜಿ ಆಗಿಬಿಡುತ್ತದೆ! ಅದನ್ನು ಹೊರುವುದು ನಿಮ್ಮ ಕತ್ತು. ದಿನಕ್ಕೆ ಅಂಥ ಹಳ್ಳ ಎಷ್ಟು ಬರುತ್ತವೆ, ನೀವೇ ಎಣಿಸಿ.

ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕ್ಯಾಮೆರಾ ನಿಲ್ಲಿಸಿಕೊಂಡವರನ್ನು ವಿದೇಶದ ಸವಾರರು ಏನೆಂದು ರೇಗಿಸುತ್ತಾರೆ ಗೊತ್ತೇ? ಟೆಲಿಟಬ್ಬಿ! ಮಕ್ಕಳ ಟಿವಿ ಕಾರ್ಯಕ್ರಮದಲ್ಲಿ ತಲೆಯ ಮೇಲೆ ಆಂಟೆನಾ ಇರುವ ಗುಂಡು ಗೊಂಬೆಗಳು ಬರುತ್ತಿದ್ದವಲ್ಲ, ಅವೇ.

ನೆತ್ತಿಯ ಮೇಲಿದ್ದರೆ ಇನ್ನೊಂದು ಪಜೀತಿ. ತಲೆ ಬಗ್ಗಿಸಿ ಕೊಂಬೆಯ ಕೆಳಗೆ ನುಸುಳುವಾಗ ನೀವು ಲೆಕ್ಕ ಹಾಕುವುದು ನಿಮ್ಮ ತಲೆಯ ಎತ್ತರವನ್ನು. ಕ್ಯಾಮೆರಾ ಅದಕ್ಕಿಂತ ಮೂರು ನಾಲ್ಕು ಬೆರಳು ಮೇಲಿರುತ್ತದೆ! ತಲೆ ಪಾರಾಗುತ್ತದೆ, ಕ್ಯಾಮೆರಾ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. ಹಂಬು ಬಳ್ಳಿಗಳ ಮಲೆನಾಡಿನಲ್ಲಂತೂ ಇದು ಕತ್ತಿಗೆ ಒಳ್ಳೆಯದಲ್ಲ.

ಹಾಗಾದರೆ ಎಲ್ಲಿಡಬೇಕು? ಗಲ್ಲದ ಮೇಲೆ! ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನ ಗದ್ದದ ಪಟ್ಟಿಗೆ ಕ್ಯಾಮೆರಾ ಕೂರಿಸುವುದನ್ನು ಚಿನ್ ಮೌಂಟ್ ಅನ್ನುತ್ತಾರೆ. ಆಗ ಅದು ಕಣ್ಣಿಗಿಂತ ಸ್ವಲ್ಪವೇ ಕೆಳಗೆ. ಹ್ಯಾಂಡಲ್, ಕೈ, ಮುಂದಿನ ದಾರಿ ಮೂರೂ ಒಟ್ಟಿಗೆ ಸಿಗುತ್ತವೆ. ನೋಡುವವರಿಗೆ ತಾವೇ ಬೈಕ್ ಮೇಲೆ ಕೂತ ಹಾಗೆ. ನನ್ನ ಮತ ಯಾವಾಗಲೂ ಗಲ್ಲಕ್ಕೇ. ಉಸಿರಾಟಕ್ಕೆಂದು ಹೆಲ್ಮೆಟ್ಟಿನಲ್ಲಿ ಬಿಟ್ಟಿರುವ ಗಾಳಿಕಿಂಡಿ ಮುಚ್ಚದಿದ್ದರೆ ಸಾಕು.

ಮಣ್ಣುದಾರಿಯ ಹೆಲ್ಮೆಟ್ಟಿಗೆ ಹಣೆಯ ಮೇಲೆ ಟೋಪಿಯಂಥ ಚಾಚು ಇರುತ್ತದಲ್ಲ, ಅದಕ್ಕೆ ಕ್ಯಾಮೆರಾ ಅಂಟಿಸಿದರೆ ಏನಾಗುತ್ತದೆ? ಚಾಚು ಗಾಳಿಗೆ ಅದುರುತ್ತದೆ, ಜತೆಗೆ ಚಿತ್ರವೂ ಗಡಗಡ! ಚಾಚಿನ ಅಡಿಯಲ್ಲಿ, ಹೆಲ್ಮೆಟ್ಟಿನ ಗಟ್ಟಿ ಮೈಗೆ ಅಂಟಿಸುವ ಜಾಣರೂ ಇದ್ದಾರೆ. ಆಗ ಚಾಚೇ ಕ್ಯಾಮೆರಾಕ್ಕೆ ಬಿಸಿಲಿಗೂ ಮಳೆಗೂ ಕೊಡೆ!

ಎದೆಗೆ ಕಟ್ಟಿದರೆ ಚೆನ್ನಲ್ಲವೇ ಎಂದಿರಾ? ಚೆನ್ನು. ಆದರೆ ಟ್ರೇಲ್‌ನಲ್ಲಿ ಸೀಟಿನ ಮೇಲೆ ಕೂರುವುದು ಕಡಿಮೆ. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು, ಮೊಣಕಾಲು ಮಡಚಿ, ಮುಂದಕ್ಕೆ ಬಾಗಿ ಓಡಿಸುತ್ತೀರಿ. ಆಗ ಎದೆ ನೋಡುವುದು ನೆಲವನ್ನು! ಮನೆಗೆ ಬಂದು ನೋಡಿದರೆ ಎರಡು ಗಂಟೆಯ ಪೆಟ್ರೋಲ್ ಟ್ಯಾಂಕ್ ದರ್ಶನ. ಅದಕ್ಕೇ ಎದೆಯ ಕ್ಯಾಮೆರಾವನ್ನು ಬೇಕೆಂದೇ ಆಕಾಶದ ಕಡೆ ಎತ್ತಿಡಬೇಕು.

ಹೆಲ್ಮೆಟ್ ಕ್ಯಾಮೆರಾಕ್ಕೂ ಇದೇ ಮಾತು. ಮನೆಯ ಕನ್ನಡಿ ಮುಂದೆ ನಿಂತು ಕೋನ ಸರಿ ಮಾಡಿದರೆ ಮೋಸ ಹೋಗುತ್ತೀರಿ! ಬೈಕ್ ಮೇಲೆ ಓಡಿಸುವ ಭಂಗಿಯಲ್ಲೇ ನಿಂತು ಹತ್ತು ಸೆಕೆಂಡು ತೆಗೆದು ನೋಡಿ. ಹತ್ತು ಸೆಕೆಂಡಿನ ಆ ಪರೀಕ್ಷೆ ಇಡೀ ದಿನವನ್ನು ಉಳಿಸುತ್ತದೆ.

ಇನ್ನೊಂದು ಚಮತ್ಕಾರ. ಕ್ಯಾಮೆರಾ ತಲೆಕೆಳಗಾಗಿ ಅಂಟಿಸಿದರೂ ಚಿತ್ರ ನೆಟ್ಟಗೇ ಬರುತ್ತದೆ! ಶುರು ಮಾಡಿದ ಕ್ಷಣ ಯಾವ ಕಡೆ ನೆಲ ಎಂದು ಅದೇ ಗುರುತು ಹಿಡಿಯುತ್ತದೆ. ಆದರೆ ಹುಷಾರು. ಹೆಲ್ಮೆಟ್ಟನ್ನು ಪಕ್ಕಕ್ಕೆ ಮಲಗಿಸಿಟ್ಟು ಗುಂಡಿ ಒತ್ತಿ, ಆಮೇಲೆ ತಲೆಗೆ ಹಾಕಿಕೊಂಡರೆ? ಇಡೀ ಕಾಡು ಅಡ್ಡಡ್ಡ ಮಲಗಿರುತ್ತದೆ!

ಹೆಲ್ಮೆಟ್ಟಿಗೆ ಅಂಟಿಸುವ ಆ ಟೇಪ್ ಇದೆಯಲ್ಲ, ಅದನ್ನು ಸಾಮಾನ್ಯ ಗಮ್‌ಟೇಪ್ ಅಂದುಕೊಳ್ಳಬೇಡಿ. ಅದೇ ಜಾತಿಯ ಟೇಪಿನಿಂದ ದೊಡ್ಡ ಕಟ್ಟಡಗಳ ಹೊರಮೈಗೆ ಫಲಕಗಳನ್ನು ಅಂಟಿಸುತ್ತಾರೆ. ಮೊಳೆಯಿಲ್ಲ, ಸ್ಕ್ರೂ ಇಲ್ಲ!

ಆದರೆ ಈ ಟೇಪಿಗೆ ನಿದ್ದೆ ಬೇಕು. ಅಂಟಿಸಿದ ಕೂಡಲೇ ಅರ್ಧದಷ್ಟೇ ಬಲ. 24 ಗಂಟೆ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ. 72 ಗಂಟೆಗೆ ಪೂರಾ ಪೂರಾ. ಭಾನುವಾರ ಬೆಳಗ್ಗೆ ಅಂಟಿಸಿ ಭಾನುವಾರವೇ ಹೊರಟವರ ಕ್ಯಾಮೆರಾ ಸಂಜೆಗೆ ಯಾವುದೋ ಪೊದೆಯಲ್ಲಿ! ಶುಕ್ರವಾರವೇ ಅಂಟಿಸಿಡಿ. ಮ್ಯಾಟ್ ಬಣ್ಣದ ದೊರಗು ಹೆಲ್ಮೆಟ್ ಮೇಲೆ ಅದು ಸರಿಯಾಗಿ ಕಚ್ಚುವುದಿಲ್ಲ. ಹೊಳಪಿನ ಹೆಲ್ಮೆಟ್ಟೇ ಅದಕ್ಕಿಷ್ಟ.

ಅಂಟಿಸುವ ಮೊದಲು ಹೆಲ್ಮೆಟ್ ಒರೆಸಲು ಪೆಟ್ರೋಲ್, ಥಿನ್ನರ್ ಬಳಸುವವರಿದ್ದಾರೆ. ದಯವಿಟ್ಟು ಬೇಡ! ಪ್ಲಾಸ್ಟಿಕ್ ಚಿಪ್ಪಿನ ಹೆಲ್ಮೆಟ್ಟನ್ನು ಅವು ಒಳಗೊಳಗೇ ದುರ್ಬಲ ಮಾಡುತ್ತವೆ. ಹೊರಗೆ ಏನೂ ಕಾಣುವುದಿಲ್ಲ. ಬಿದ್ದಾಗ ಮಾತ್ರ ಗೊತ್ತಾಗುತ್ತದೆ. ಸೋಪಿನ ನೀರು, ಒಣಬಟ್ಟೆ ಸಾಕು.

ಕೀಳುವುದು ಹೇಗೆ? ಹಲ್ಲಿನ ಸಂದಿ ಶುಚಿ ಮಾಡುವ ದಾರದಿಂದ! ಹೇರ್ ಡ್ರೈಯರಿನ ಬಿಸಿಗಾಳಿ ತುಸು ತೋರಿಸಿ, ದಾರವನ್ನು ಟೇಪಿನ ಅಡಿಗೆ ಹಾಕಿ ಗರಗಸದಂತೆ ಅತ್ತಿತ್ತ ಎಳೆದರೆ ಸರ್ರನೆ ಬಿಟ್ಟುಬರುತ್ತದೆ. ಮೀನು ಹಿಡಿಯುವ ಗಾಳದ ದಾರವಾದರೂ ಆದೀತು.

ನಿಮ್ಮ ಜೀವ ಉಳಿಸುವ ವಸ್ತು ಹೆಲ್ಮೆಟ್ಟಿನೊಳಗೆ ಯಾವುದು ಗೊತ್ತೇ? ಥರ್ಮೋಕೋಲ್! ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅದರ ಗಟ್ಟಿ ಅಣ್ಣ. ಪೆಟ್ಟು ಬಿದ್ದಾಗ ತಾನು ಪುಡಿಯಾಗಿ ತಲೆಯನ್ನು ಕಾಯುತ್ತದೆ. ಒಂದೇ ಸಲ. ಅದಕ್ಕೇ ಕ್ಯಾಮೆರಾ ಕೂರಿಸಲು ಹೆಲ್ಮೆಟ್ಟಿಗೆ ತೂತು ಕೊರೆಯುವುದು, ಸ್ಕ್ರೂ ಬಿಗಿಯುವುದು ಎಂದೆಂದಿಗೂ ಬೇಡ. ಹೆಲ್ಮೆಟ್ ನೆಲದ ಮೇಲೆ ಜಾರಿಹೋಗಬೇಕು, ಸಿಕ್ಕಿಕೊಳ್ಳಬಾರದು. ಬಿದ್ದಾಗ ಕಿತ್ತುಹೋಗುವ ಕ್ಯಾಮೆರಾ ಒಳ್ಳೆಯ ಕ್ಯಾಮೆರಾ! ಹೋದರೆ ಹೋಗಲಿ, ಕತ್ತು ಉಳಿಯಲಿ.

2022ರಲ್ಲಿ ಪಕ್ಕದ ಕೇರಳದಲ್ಲಿ ಏನಾಯಿತು ಗೊತ್ತೇ? ಹೆಲ್ಮೆಟ್ಟಿಗೆ ಕ್ಯಾಮೆರಾ ಅಂಟಿಸಿದರೆ ದಂಡ, ಲೈಸೆನ್ಸೂ ಅಮಾನತು ಎಂದು ಅಲ್ಲಿನ ಮೋಟಾರು ವಾಹನ ಇಲಾಖೆ ಎಚ್ಚರಿಕೆ ಕೊಟ್ಟಿತು! ಬೆಂಗಳೂರಿನಿಂದ ವಯನಾಡಿಗೆ ಬೈಕ್ ಹತ್ತಿ ಹೊರಡುವವರು ಈಗಿನ ನಿಯಮ ಕೇಳಿಕೊಂಡೇ ಹೊರಡುವುದು ಒಳ್ಳೆಯದು. ಇನ್ನು ದೇಶದಲ್ಲೆಲ್ಲ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವಂತೆಯೇ ಇಲ್ಲ.

ಒಂದು ಪ್ರಶ್ನೆ. ಹೆಲ್ಮೆಟ್ ವಿಡಿಯೋ ಅಷ್ಟು ನಿಶ್ಚಲವಾಗಿ, ಹ್ಯಾಂಡಲಿಗೆ ಬಿಗಿದ ವಿಡಿಯೋ ಅಷ್ಟು ಗಡಗಡ ಯಾಕೆ? ನಿಮ್ಮ ಮೈಯೇ ಒಂದು ಯಂತ್ರ! ಮೊಣಕಾಲು, ಸೊಂಟ, ಬೆನ್ನು, ಕತ್ತು ಒಂದೊಂದೂ ಕುಲುಕನ್ನು ಒಂದಿಷ್ಟು ನುಂಗುತ್ತವೆ. ತಲೆಗೆ ತಲುಪುವಾಗ ಉಳಿಯುವುದು ಚೂರು. ನಾಟಿ ಕೋಳಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿ. ಮೈ ಆಡುತ್ತದೆ, ತಲೆ ಇದ್ದಲ್ಲೇ ಇರುತ್ತದೆ! ಇದೇ ವಿದ್ಯೆಯನ್ನು ತೋರಿಸಿ 2013ರಲ್ಲಿ ಮರ್ಸಿಡಿಸ್ ಬೆಂಜ್ ಒಂದು ಜಾಹೀರಾತನ್ನೇ ಮಾಡಿತು. ಕೋಳಿಗಳೇ ನಟರು!

ಮೊಬೈಲನ್ನೇ ಹ್ಯಾಂಡಲಿಗೆ ಕಟ್ಟಿ ವಿಡಿಯೋ ತೆಗೆದರಾಯಿತು, ಇನ್ನೊಂದು ಕ್ಯಾಮೆರಾ ಯಾಕೆ ಅನ್ನುವವರಿಗೆ ಒಂದು ಸುದ್ದಿ. ಬೈಕ್ ಎಂಜಿನ್ನಿನ ಜೋರು ನಡುಕ ಐಫೋನ್ ಕ್ಯಾಮೆರಾವನ್ನು ಕೆಡಿಸಬಹುದು ಎಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿತು! ಕೈ ನಡುಗಿದರೂ ಚಿತ್ರ ನಡುಗದಿರಲಿ ಎಂದು ಅದರೊಳಗೆ ಅಲುಗಾಡುವ ನಾಜೂಕು ಭಾಗಗಳಿವೆ. ನಡುಕ ತಡೆಯುವ ಭಾಗಕ್ಕೇ ನಡುಕದಿಂದ ಕೇಡು!

ಆ್ಯಕ್ಷನ್ ಕ್ಯಾಮೆರಾದ ಲೆನ್ಸ್ ಅಲುಗಾಡುವುದಿಲ್ಲ. ಒಳಗೊಂದು ಗೈರೋಸ್ಕೋಪ್ ಚಿಪ್ ಇದೆ. ತಲೆ ಎಷ್ಟು ತಿರುಗಿತು ಎಂದು ಅದು ಅಳೆದು ಹೇಳುತ್ತದೆ, ಕ್ಯಾಮೆರಾ ಚಿತ್ರವನ್ನು ಅಷ್ಟೇ ಹಿಂದಕ್ಕೆ ಸರಿಸಿ ಸಮ ಮಾಡುತ್ತದೆ. ಆ ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ಚೂರು ಸದಾ ಕಂಪಿಸುತ್ತಿರುತ್ತದೆ. ಇದೇ ಉಪಾಯ ಯಾರ ಹತ್ತಿರ ಮೊದಲೇ ಇತ್ತು ಗೊತ್ತೇ? ನೊಣದ ಹತ್ತಿರ! ಹಿಂದಿನ ರೆಕ್ಕೆಗಳ ಜಾಗದಲ್ಲಿ ನೊಣಕ್ಕೆ ಎರಡು ಪುಟ್ಟ ಗದೆಗಳಿವೆ. ಅವು ಕಂಪಿಸುತ್ತ, ನೊಣ ಎತ್ತ ತಿರುಗಿತೆಂದು ಹೇಳುತ್ತವೆ. ನೀವು ಹೊಡೆಯುವ ಮೊದಲೇ ನೊಣ ಪಲ್ಟಿ ಹೊಡೆದು ಪಾರಾಗುವಾಗ ಈ ಗದೆಗಳೂ ಕೆಲಸ ಮಾಡುತ್ತಿರುತ್ತವೆ.

ಇಷ್ಟೆಲ್ಲ ಇದ್ದೂ ದಟ್ಟ ಕಾಡಿಗೆ ಹೊಕ್ಕ ಕೂಡಲೇ ವಿಡಿಯೋ ಮಸುಕಾಗಿ ಮಿಡುಕುತ್ತದೆ. ಯಾಕೆ? ಬೆಳಕು ಕಮ್ಮಿ ಇದ್ದಾಗ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿಡಬೇಕು. ಆ ಹೊತ್ತಿನಲ್ಲಿ ತಲೆ ಅಲುಗಿತೆಂದರೆ ಚಿತ್ರವೇ ಕಲೆಸಿಹೋಯಿತು. ಕಲೆಸಿದ ಚಿತ್ರವನ್ನು ಸರಿಸಿ ಏನು ಪ್ರಯೋಜನ? ಹಾಗಾಗಿ ಮಲೆನಾಡಿನ ಮರಗಳ ಅಡಿಗೆ ಕೊಳ್ಳುವವರು ಕೆ ಎಷ್ಟೆಂದು ಬಿಟ್ಟು, ಒಳಗಿನ ಸೆನ್ಸರ್ ಎಷ್ಟು ದೊಡ್ಡದೆಂದು ಕೇಳಬೇಕು. ದೊಡ್ಡ ಬೋಗುಣಿಗೆ ಹೆಚ್ಚು ಮಳೆನೀರು ಬೀಳುತ್ತದಲ್ಲ, ಹಾಗೇ ಬೆಳಕೂ!

ಈಗ ಟ್ರೇಲ್ ಸವಾರರ ದೊಡ್ಡ ದುಃಖ ಕೇಳಿ. ಎದೆ ಝಲ್ಲೆನ್ನುವ ಏರನ್ನು ಬೆವರು ಸುರಿಸಿ ಹತ್ತಿರುತ್ತೀರಿ. ಮನೆಯಲ್ಲಿ ವಿಡಿಯೋ ಹಾಕಿದರೆ ಅದು ಜಯನಗರದ ರಸ್ತೆಯಷ್ಟು ಸಮತಟ್ಟು! "ಇಷ್ಟೇನಾ?" ಅನ್ನುತ್ತಾರೆ ಮನೆಯವರು. ತಪ್ಪು ನಿಮ್ಮದಲ್ಲ. ಅಗಲ ನೋಟದ ಲೆನ್ಸ್ ದೂರದ್ದನ್ನೆಲ್ಲ ಚಿಕ್ಕದು ಮಾಡಿ ಹಿಂದಕ್ಕೆ ತಳ್ಳುತ್ತದೆ. ನಮಗೆ ಎರಡು ಕಣ್ಣಿವೆ, ಆಳ ಗೊತ್ತಾಗುತ್ತದೆ. ಕ್ಯಾಮೆರಾಕ್ಕೆ ಒಂದೇ ಕಣ್ಣು. ಬೆಟ್ಟ ಇಸ್ತ್ರಿ ಹಾಕಿದಂತೆ ಚಪ್ಪಟೆ!

ಆಸ್ಟ್ರಿಯಾದಲ್ಲಿ ಎರ್ಜ್‌ಬರ್ಗ್ ಎಂಬ ಕಬ್ಬಿಣದ ಅದಿರಿನ ಗುಡ್ಡವಿದೆ. ಅಲ್ಲಿನ ಬೈಕ್ ಪಂದ್ಯದ ಕೊನೆಯ ಹಣಾಹಣಿಗೆ 500 ಮಂದಿ ಹೊರಡುತ್ತಾರೆ. ನಾಲ್ಕು ಗಂಟೆಯೊಳಗೆ ಗುರಿ ಮುಟ್ಟುವುದು ಬೆರಳೆಣಿಕೆಯ ಜನ! 2015ರಲ್ಲಂತೂ ದಾರಿ ಎಷ್ಟು ಕಠಿಣವಾಗಿತ್ತೆಂದರೆ, ಮುಂದಿದ್ದ ನಾಲ್ವರು ಒಬ್ಬರ ಬೈಕನ್ನು ಒಬ್ಬರು ಎಳೆದು ಹತ್ತಿಸಿದರು. ನಾಲ್ವರಿಗೂ ಗೆಲುವು ಹಂಚಿದರು. ಅಂಥ ಗುಡ್ಡದ ಹೆಲ್ಮೆಟ್ ವಿಡಿಯೋ ನೋಡಿದರೂ ಮನೆಯಲ್ಲಿ ಕೂತವರಿಗೆ "ನಾನೂ ಹತ್ತುತ್ತೇನೆ" ಅನ್ನಿಸಿಬಿಡುತ್ತದೆ!

ಬೆಟ್ಟವನ್ನು ಬೆಟ್ಟದಂತೆ ತೋರಿಸುವ ಉಪಾಯ ಇಲ್ಲವೇ? ಇದೆ. ಮರಗಳು ನೆಟ್ಟಗೆ ಬೆಳೆದಿರುತ್ತವೆ, ಅವು ಚೌಕಟ್ಟಿನಲ್ಲಿ ಕಾಣಲಿ. ಓರೆ ನೆಲದ ಪಕ್ಕದಲ್ಲಿ ನೆಟ್ಟಗಿನ ಅಡಿಕೆ ಮರ ಇದ್ದರೆ ಕಣ್ಣಿಗೆ ಇಳಿಜಾರು ತಟ್ಟನೆ ತಿಳಿಯುತ್ತದೆ. ಗೆಳೆಯರ ಬೈಕ್ ಮುಂದೆ ಹತ್ತುತ್ತಿರಲಿ, ಹಿಂದಿನಿಂದ ನೀವು ತೆಗೆಯಿರಿ. ಲೆನ್ಸ್ ನೋಟವನ್ನು ಒಂದು ಹಂತ ಕಿರಿದು ಮಾಡಿ. ಏರು ಎದ್ದು ನಿಲ್ಲುತ್ತದೆ!

ಹೊಸ ಕ್ಯಾಮೆರಾಗಳಲ್ಲಿ ಹೊರೈಜನ್ ಲಾಕ್ ಅಂತ ಒಂದಿದೆ. ಕ್ಯಾಮೆರಾ ಹೇಗೆ ವಾಲಿದರೂ ದಿಗಂತ ಅಡ್ಡಗೆರೆಯಂತೆ ನೆಟ್ಟಗೆ ನಿಲ್ಲುತ್ತದೆ. ಕೇಳಲು ಚೆಂದ. ಆದರೆ ತಿರುವಿನಲ್ಲಿ ನೀವು ಮೈವಾಲಿಸಿ ಬೈಕ್ ಬಗ್ಗಿಸಿದ ಮಜವೆಲ್ಲ ಮಾಯ! ಟ್ರೇಲ್‌ಗೆ ಅದನ್ನು ಆಫ್ ಮಾಡಿ ನೋಡಿ ಎಂಬುದು ನನ್ನ ಸಲಹೆ.

ಈ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫೋಕಸ್ ಮಾಡುವ ಕೆಲಸವೇ ಇಲ್ಲ, ಗೊತ್ತಿತ್ತೇ? ಸಣ್ಣ ಸೆನ್ಸರ್, ಅಗಲ ಲೆನ್ಸ್ ಸೇರಿದರೆ ಮಾರುದೂರದಿಂದ ಹಿಡಿದು ಎದುರಿನ ಬೆಟ್ಟದವರೆಗೆ ಎಲ್ಲವೂ ಒಟ್ಟಿಗೇ ಸ್ಪಷ್ಟ!

ಅಂತೂ ತಲೆಬರಹಕ್ಕೆ ಬಂದೆವು. ಲೆನ್ಸ್ ಮೇಲೆ ನೀರಿನ ಹನಿ ಕೂತರೆ ಇಡೀ ವಿಡಿಯೋ ಹಾಳು. ಸರ್ಫರ್‌ಗಳು ಅದಕ್ಕೊಂದು ಮದ್ದು ಕಂಡುಕೊಂಡಿದ್ದಾರೆ. ನೀರಿಗಿಳಿಯುವ ಮೊದಲು ಲೆನ್ಸನ್ನು ನೆಕ್ಕುವುದು! ಹೌದು, ನಾಲಿಗೆಯಿಂದಲೇ. ಎಂಜಲು ಬಳಿದ ಗಾಜಿನ ಮೇಲೆ ನೀರು ಹನಿಗಟ್ಟುವುದಿಲ್ಲ, ತೆಳುವಾಗಿ ಹರಡಿ ಜಾರುತ್ತದೆ. ಮಳೆಗಾಲದ ಸವಾರಿಗೂ ಈ ಮದ್ದು ಹೊಂದುತ್ತದೆ.

ಆದರೆ ಕೆಸರಿನ ಲೆನ್ಸಿಗೆ ನಾಲಿಗೆಯೂ ಬೇಡ, ಒಣ ಬೆರಳೂ ಬೇಡ. ಕೆಸರಿನೊಳಗೆ ಮರಳಿನ ಕಣಗಳಿರುತ್ತವೆ. ಗ್ಲೌಸಿನಿಂದ ಒಮ್ಮೆ ಉಜ್ಜಿದರೆ ಗಾಜಿನ ಮೇಲೆ ಗೀರು ಶಾಶ್ವತ! ಮೊದಲು ಕುಡಿಯುವ ನೀರು ಸುರಿದು ತೊಳೆಯಿರಿ, ಆಮೇಲೆ ಒರೆಸಿ.

ಗಾಳಿಯ ಭೋರೆಂಬ ಸದ್ದು ತಡೆಯಲು ಮೈಕಿಗೆ ತೊಡಿಸುವ ರೋಮದ ಟೋಪಿಗೆ ಚಿತ್ರೀಕರಣದವರ ಭಾಷೆಯಲ್ಲಿ ಏನು ಹೆಸರು ಗೊತ್ತೇ? 'ಸತ್ತ ಬೆಕ್ಕು'! ಟ್ರೇಲ್ ಸವಾರರಿಗೆ ಇನ್ನೂ ಸುಲಭದ ದಾರಿಯಿದೆ. ಪುಟ್ಟ ಮೈಕನ್ನು ಗದ್ದದ ಪಟ್ಟಿಯ ಒಳಗಡೆ ಕೂರಿಸುವುದು. ಅಲ್ಲಿಗೆ ಗಾಳಿ ನುಗ್ಗುವುದಿಲ್ಲ. ನಿಮ್ಮ ಏದುಸಿರು, "ಅಯ್ಯೋ ದೇವ್ರೇ" ಎಲ್ಲವೂ ಸ್ಪಷ್ಟ!

ಕ್ಯಾಮೆರಾ ಓಡುವಾಗ ತಣ್ಣಗಿರುತ್ತದೆ, ನಿಂತಾಗ ಕಾಯುತ್ತದೆ! 4ಕೆ ವಿಡಿಯೋ ತೆಗೆಯುವಾಗ ಒಳಗೆ ವಿಪರೀತ ಬಿಸಿ. ಬೈಕ್ ಸಾಗುತ್ತಿದ್ದರೆ ಗಾಳಿ ಬೀಸಿ ಬಿಸಿ ಹೋಗುತ್ತದೆ. ಬಿಸಿಲಿನಲ್ಲಿ ಚಹಾಕ್ಕೆಂದು ನಿಂತು ರೆಕಾರ್ಡಿಂಗ್ ನಿಲ್ಲಿಸಲು ಮರೆತರೆ, ಅದೇ ಕಾದು ಕಣ್ಣು ಮುಚ್ಚಿಬಿಡುತ್ತದೆ.

ಚಳಿಯಲ್ಲಿ ಇದರ ಉಲ್ಟಾ. ಲಡಾಖಿಗೆ ಹೋದವರನ್ನು ಕೇಳಿ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಖರ್ದುಂಗ್ಲಾ ಕಣಿವೆ ತಲುಪುವಷ್ಟರಲ್ಲಿ ಸುಸ್ತು! ಚಳಿಗೆ ಲೀಥಿಯಂ ಬ್ಯಾಟರಿಯ ಒಳಗಿನ ಕೆಲಸ ನಿಧಾನವಾಗುತ್ತದೆ. ಬಿಡಿ ಬ್ಯಾಟರಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಶಾಖದಲ್ಲಿ ಇಟ್ಟುಕೊಳ್ಳಿ. ಅಂದಹಾಗೆ ಆ ಕಣಿವೆಯ ಪ್ರಸಿದ್ಧ ಫಲಕದಲ್ಲಿ 18,380 ಅಡಿ ಎಂದು ಬರೆದದ್ದನ್ನು ಎಲ್ಲರೂ ಹೆಮ್ಮೆಯಿಂದ ಚಿತ್ರಿಸಿಕೊಂಡು ಬಂದರು. ಅಳತೆಯಲ್ಲಿ ಸಿಕ್ಕಿದ್ದು ಸುಮಾರು 17,582 ಅಡಿ!

ವಿಮಾನದಲ್ಲಿ ಹೋಗುವವರು ಗಮನಿಸಿ. ಬಿಡಿ ಬ್ಯಾಟರಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕೊಡುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು.

ಮೈಕ್ರೊ ಎಸ್‌ಡಿ ಕಾರ್ಡ್ ಉಗುರಿನಷ್ಟು ಗಾತ್ರ, ತೂಕ ಕಾಲು ಗ್ರಾಂ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ತೆಗೆದರೆ ಒಂದು ಗಂಟೆಯ ವಿಡಿಯೋ 45 ಜಿಬಿ! ಕಾರ್ಡ್ ಕೊಳ್ಳುವಾಗ ಅದರ ಮೇಲೆ ವಿ30 ಎಂಬ ಗುರುತು ಹುಡುಕಿ. ಎಂಥ ಹೊತ್ತಿನಲ್ಲೂ ಸೆಕೆಂಡಿಗೆ 30 ಎಂಬಿಗೆ ಕಡಿಮೆಯಿಲ್ಲದಂತೆ ಬರೆದುಕೊಳ್ಳುತ್ತೇನೆ ಎಂಬ ಭಾಷೆ ಅದು. ಅಗ್ಗದ ನಿಧಾನದ ಕಾರ್ಡ್ ಹಾಕಿದರೆ ಕ್ಯಾಮೆರಾ ಒಳ್ಳೆಯ ತಿರುವಿನಲ್ಲೇ ನಿಂತುಬಿಡುತ್ತದೆ.

ನವಿಲೊಂದು ದಾರಿಗೆ ಅಡ್ಡ ಹಾರಿತು. ಗುಂಡಿ ಒತ್ತುವಷ್ಟರಲ್ಲಿ ಹೋಯಿತು. ಆದರೂ ವಿಡಿಯೋದಲ್ಲಿ ನವಿಲಿದೆ! ಹೇಗೆ? 2020ರ ಹೀರೊ 9ರಿಂದ ಗೋಪ್ರೊಗಳಿಗೆ ಒಂದು ವಿದ್ಯೆ ಬಂದಿದೆ. ನೀವು ಒತ್ತುವ ಮೊದಲಿನ 30 ಸೆಕೆಂಡುಗಳನ್ನು ಅದು ಸದಾ ನೆನಪಿಟ್ಟು, ಒತ್ತಿದ ಕೂಡಲೇ ಉಳಿಸಿಕೊಳ್ಳುತ್ತದೆ. ಕಳೆದ ಕ್ಷಣವನ್ನು ಹಿಡಿಯುವುದು ಅಂದರೆ ಇದೇ! ಬ್ಯಾಟರಿಯನ್ನು ಮಾತ್ರ ಬೇಗ ಕುಡಿಯುತ್ತದೆ.

ಗೋಪ್ರೊದ ಜಿಪಿಎಸ್ ಕಥೆ ಕಣ್ಣಾಮುಚ್ಚಾಲೆ. 2016ರ ಹೀರೊ 5ರಲ್ಲಿ ಬಂತು. 2023ರ ಹೀರೊ 12ರಲ್ಲಿ ಮಾಯ. 2024ರ ಹೀರೊ 13ರಲ್ಲಿ ಮತ್ತೆ ಹಾಜರು! ಅದಿದ್ದರೆ ಎಲ್ಲಿ ಎಷ್ಟು ವೇಗ, ಎಷ್ಟು ಎತ್ತರ ಎಲ್ಲವೂ ವಿಡಿಯೋ ಫೈಲಿನೊಳಗೆ ಕೂರುತ್ತದೆ. ನಿಮ್ಮ ಮನೆಯ ಗೇಟೂ ಅದರೊಳಗಿರುತ್ತದೆ. ಮೂಲ ಫೈಲನ್ನು ಯಾರಿಗಾದರೂ ಕೊಡುವ ಮುನ್ನ ನೆನಪಿರಲಿ!

ವಿಡಿಯೋ ಚೆನ್ನಾಗಿ ಬರಲಿ ಎಂದು ಮೀಸಲು ಅರಣ್ಯಕ್ಕೆ ಬೈಕ್ ನುಗ್ಗಿಸಿದರೆ? ಅನುಮತಿ ಇಲ್ಲದೆ ಹೋಗುವಂತಿಲ್ಲ, ಆ ವಿಡಿಯೋವೇ ನಿಮ್ಮ ವಿರುದ್ಧ ಸಾಕ್ಷಿ! ಮಣ್ಣಿನಲ್ಲಿ ಆಡಲು ಸರಿಯಾದ ಜಾಗಗಳಿವೆ. ಕೋಲಾರದ ಬಳಿ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ. ಅದನ್ನು ಕಟ್ಟಿದವರು ನಮ್ಮ ಸಿ.ಎಸ್. ಸಂತೋಷ್. ಆಗ ದಕ್ಷಿಣ ಅಮೆರಿಕದ ಮರುಭೂಮಿ, ಬೆಟ್ಟಗಳಲ್ಲಿ ನಡೆಯುತ್ತಿದ್ದ ಡಕಾರ್ ರ‍್ಯಾಲಿಯನ್ನು 2015ರಲ್ಲಿ 36ನೇ ಸ್ಥಾನದಲ್ಲಿ ಮುಗಿಸಿದವರು. ಡಕಾರ್ ಪೂರ್ತಿ ಮಾಡಿದ ಮೊದಲ ಭಾರತೀಯ, ಬೆಂಗಳೂರಿನವರು!

ಕ್ಯಾಮೆರಾ ಕಲಿಸುವ ಗುರುವೂ ಹೌದು. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಹೆಲ್ಮೆಟ್ ಕ್ಯಾಮೆರಾಕ್ಕೆ ಅದು ಕಾಣುವುದಿಲ್ಲ. ಅದು ಹಿಡಿಯುವುದು ಮೂಗು ತಿರುಗಿದ ದಿಕ್ಕನ್ನು. ಆದರೆ ಅದೇ ಸಾಕು! ಬೈಕ್ ವಿದ್ಯೆಯ ವಿಚಿತ್ರವೆಂದರೆ ನೋಡಿದ ಕಡೆಗೇ ಬೈಕ್ ಹೋಗುತ್ತದೆ. ಕಲ್ಲನ್ನು ತಪ್ಪಿಸಬೇಕೆಂದು ಕಲ್ಲನ್ನೇ ದಿಟ್ಟಿಸಿದಿರೋ, ನೇರ ಅದಕ್ಕೇ ಡಿಕ್ಕಿ. ಬಿದ್ದ ದಿನದ ವಿಡಿಯೋ ನಿಧಾನವಾಗಿ ಓಡಿಸಿ ನೋಡಿ. ಬೀಳುವ ಮೊದಲು ನಿಮ್ಮ ತಲೆ ಎತ್ತ ತಿರುಗಿತ್ತು ಎಂದು ಕಾಣುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆದಿದ್ದರೆ ಒಂದು ಸೆಕೆಂಡಿನ ಬೀಳು ಎಂಟು ಸೆಕೆಂಡಿನ ಪಾಠ!

ಕೊನೆಯದು. 2013ರಲ್ಲಿ ಅಮೆರಿಕದ ಕೆಲವು ವಿದ್ಯಾರ್ಥಿಗಳು ಅರಿಜೋನಾದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಬಳಿ ಬಲೂನಿಗೆ ಗೋಪ್ರೊ ಕಟ್ಟಿ ಮೇಲಕ್ಕೆ ಬಿಟ್ಟರು. ಸುಮಾರು 30 ಕಿಲೋಮೀಟರ್ ಎತ್ತರಕ್ಕೆ ಹೋದದ್ದು ಮರುಭೂಮಿಯಲ್ಲಿ ಎಲ್ಲೋ ಬಿತ್ತು. ಹುಡುಕಿದರೂ ಸಿಗಲಿಲ್ಲ. ಎರಡು ವರ್ಷ ಬಿಸಿಲು, ಚಳಿ ತಿಂದು ಅಲ್ಲೇ ಬಿದ್ದಿತ್ತು. ಚಾರಣಕ್ಕೆ ಹೋದ ಮಹಿಳೆಯೊಬ್ಬರ ಕಣ್ಣಿಗೆ ಬಿತ್ತು. ಜತೆಗಿದ್ದ ಮೊಬೈಲಿನ ಸಿಮ್‌ನಿಂದ ಯಾರದೆಂದು ಗೊತ್ತಾಯಿತು. ಕಾರ್ಡಿನಲ್ಲಿದ್ದ ವಿಡಿಯೋ? ಹಾಗೇ ಇತ್ತು!

ನಿಮ್ಮ ಹೆಲ್ಮೆಟ್ ಕ್ಯಾಮೆರಾಕ್ಕೆ ಸಿಮ್ ಇಲ್ಲ. ಅದಕ್ಕೇ ಹೊಸ ಕಾರ್ಡ್ ಹಾಕಿದಾಗೆಲ್ಲ ಮೊದಲ ಫೋಟೊ ಒಂದು ಚೀಟಿಯದಾಗಿರಲಿ. ಚೀಟಿಯಲ್ಲಿ ನಿಮ್ಮ ಹೆಸರು, ಫೋನ್ ನಂಬರ್. ಯಾವುದೋ ತೋಟದ ಕೆಲಸದವರಿಗೆ ಎಲೆಯ ರಾಶಿಯಡಿ ಅದು ಸಿಕ್ಕಿ, ಯಾರೋ ಕಾರ್ಡ್ ತೆಗೆದು ನೋಡಿದರೆ ಮೊದಲು ಕಾಣುವುದು ನಿಮ್ಮ ನಂಬರ್!